ಅಕ್ಕನಿಗೊಂದು ಹಳೇ ಸ್ಪೋರ್ಟ್ಸ್ ಕಾರು

ಹಳೇ ಕಾರು ನೋಡಲು ಹೊರಟವನಿಗೆ ಕಾರು ಸಿಗುತ್ತದೋ ಇಲ್ಲವೋ ಹೇಳಲಾಗದು, ಮನೆಗೆ ಬಂದು ಹೇಳಿಕೊಂಡು ನಗುವುದಕ್ಕೆ ಏನಾದರೊಂದು ಮಾತ್ರ ಸಿಕ್ಕೇ ಸಿಗುತ್ತದೆ. ನನಗಂತೂ ಇದು ತಪ್ಪಿದ್ದಲ್ಲ. ಕೊಯಮತ್ತೂರಿನಲ್ಲಿ ನಾನು ವಾಹನ ವಿಮೆಯ ಸರ್ವೇಯರ್. ಎಲ್ಲಿ ಗಾಡಿ ಗುದ್ದಿಕೊಂಡರೂ ಹೋಗಿ, ಎಷ್ಟು ನಜ್ಜುಗುಜ್ಜಾಗಿದೆ ಎಂದು ನೋಡಿ ಬರೆದುಕೊಡುವುದು ನನ್ನ ಕೆಲಸ. ಅದಕ್ಕೇ ನಮ್ಮ ನೆಂಟರಲ್ಲಿ ಯಾರು ಹಳೇ ಗಾಡಿ ಕೊಳ್ಳುವುದಾದರೂ, "ಅವನನ್ನ ಕರ್ಕೊಂಡು ಹೋಗಿ, ಕಾರಿನ ವಿಷಯ ಅವನಿಗೆ ಚೆನ್ನಾಗಿ ಗೊತ್ತು" ಅನ್ನುತ್ತಾರೆ. ನನಗೆ ಗೊತ್ತಿರುವುದು ಕಾರು ಹೇಗೆ ಒಡೆಯುತ್ತದೆ ಎಂಬುದೇ ಹೊರತು ಹೇಗೆ ಓಡುತ್ತದೆ ಎಂಬುದಲ್ಲ. ಹಾಗಂದರೆ ವಿನಯ ಅಂದುಕೊಳ್ಳುತ್ತಾರೆ.

ಈಚೆಗೆ ನಡೆದದ್ದು ನನ್ನ ಅಕ್ಕನ ಪ್ರಸಂಗ. ಅಕ್ಕ ಎದೆರೋಗದ ಡಾಕ್ಟರು. ಮನೆ ಕೊಯಮತ್ತೂರಿನಲ್ಲೇ ಇದ್ದರೂ, ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಹತ್ತಿಧೂಳು ಕುಡಿದು ಕೆಮ್ಮುವವರ ಬೆನ್ನಿಗೆ ಸ್ಟೆತೊಸ್ಕೋಪ್ ಇಟ್ಟು ಇಟ್ಟು, ಹೋದ ವರ್ಷ ನಿವೃತ್ತಳಾದಳು. ಭಾವ ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳಿದವರು. ನಡೆದು ಮುಗಿದ ಸಂಗತಿಗಳ ಜೊತೆಯಲ್ಲೇ ಜೀವನ ಕಳೆದದ್ದರಿಂದ ಅವರಿಗೆ ಯಾವುದಕ್ಕೂ ಅವಸರವಿಲ್ಲ.

ಎಷ್ಟು ಸೀಟು?

ಒಂದು ಭಾನುವಾರ ಅಕ್ಕನ ಮನೆಯಲ್ಲಿ ಇಡ್ಲಿ ತಿನ್ನುತ್ತಿದ್ದೆವು. ಅಕ್ಕ ಸಾಂಬಾರು ಬಡಿಸುತ್ತಾ, ತರಕಾರಿ ತರಬೇಕು ಅನ್ನುವ ಧಾಟಿಯಲ್ಲಿ ಹೇಳಿದಳು:

"ಒಂದು ಸ್ಪೋರ್ಟ್ಸ್ ಕಾರು ತಗೋಬೇಕು ಅಂತಿದ್ದೀನಿ. ಹಳೇದು."

ನಾನು ಬಾಯಿಯ ಹತ್ತಿರ ಒಯ್ದ ಇಡ್ಲಿಯನ್ನು ಮತ್ತೆ ತಟ್ಟೆಗಿಟ್ಟೆ. ಭಾವ ಮಾತ್ರ ಚಟ್ನಿ ಹಾಕಿಸಿಕೊಂಡರು.

ವಿಷಯ ಹಳೆಯದಂತೆ. ಅಕ್ಕನಿಗೆ ಮೊದಲು ಕೆಲಸ ಸಿಕ್ಕಿದ್ದು ವಾಲ್ಪಾರೈಯ ಟೀ ಎಸ್ಟೇಟಿನ ಆಸ್ಪತ್ರೆಯಲ್ಲಿ. ತಿಂಗಳಿಗೊಮ್ಮೆ ಘಾಟಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ನಿಂಬೆಹಣ್ಣು ಮೂಸಿಕೊಂಡು, ಪ್ರತಿ ತಿರುವಿಗೂ ಹೊಟ್ಟೆ ಹಿಡಿದುಕೊಂಡು ಮನೆಗೆ ಬರುತ್ತಿದ್ದಳು. ಒಂದು ದಿನ ಬಸ್ಸನ್ನು ಹಿಂದೆ ಹಾಕಿ ಒಂದು ಪುಟ್ಟ ಕೆಂಪು ಕಾರು ಹೋಯಿತಂತೆ. ಮೇಲ್ಛಾವಣಿ ತೆರೆದಿತ್ತು. ಓಡಿಸುತ್ತಿದ್ದವಳು ಹೆಂಗಸು, ತಲೆಗೆ ಕರವಸ್ತ್ರ ಕಟ್ಟಿಕೊಂಡಿದ್ದಳು. ಬಸ್ಸಿನಲ್ಲಿದ್ದ ಉಳಿದವರೆಲ್ಲ ಬೈದರು. ಅಕ್ಕ ಮಾತ್ರ ಆ ಕಾರು ತಿರುವಿನಲ್ಲಿ ಮರೆಯಾಗುವ ತನಕ ನೋಡಿದಳು.

"ಆವತ್ತೇ ಅಂದ್ಕೊಂಡೆ, ಒಂದು ದಿನ ಈ ರಸ್ತೇಲಿ ನಾನೂ ಹಿಂಗೇ ಬರ್ತೀನಿ ಅಂತ. ಆಮೇಲೆ ಮದುವೆ, ಮಕ್ಕಳು, ಜನರ ಕೆಮ್ಮು. ಈಗ ಪುರುಸೊತ್ತಾಗಿದೆ."

"ಅಕ್ಕಾ, ಹಳೇ ಸ್ಪೋರ್ಟ್ಸ್ ಕಾರು ಅಂದ್ರೆ ಆಗಾಗ ಕೆಟ್ಟು ನಿಲ್ಲುತ್ತೆ," ಅಂದೆ.

"ಅದೇ ನನಗೆ ಕುತೂಹಲ. ಯಾಕೆ ಕೆಡುತ್ತೆ? ಹುಟ್ಟಿನಿಂದ ಬಂದ ದೋಷವಾ, ಸಾಕಿದವರ ತಪ್ಪಾ? ನಿಧಾನವಾಗಿ ನೋಡೋಣ. ಹತ್ತು ಗಾಡಿ ಪರೀಕ್ಷೆ ಮಾಡಿದ್ರೆ ಗೊತ್ತಾಗುತ್ತೆ."

ಭಾವ ತಟ್ಟೆಯಿಂದ ತಲೆಯೆತ್ತಿದರು. "ಎಷ್ಟು ಸೀಟು?"

"ಎರಡೇ ಇರೋದು. ಒಂದು ನನಗೆ, ಒಂದು ನಿಮಗೆ."

ಅವರು ಇನ್ನೊಂದು ಇಡ್ಲಿ ಮುರಿದರು.

"ಒಂದೇ ಸೀಟಿಂದು ಬರಲ್ವಾ?"

ಒಂದು ದಿನವೂ ಕೈ ಕೊಡದ ಗಾಡಿ

ಮೊದಲು ಹೋದದ್ದು ತಿರುಪ್ಪೂರಿಗೆ. ಟೀ ಶರ್ಟ್ ಎಕ್ಸ್‌ಪೋರ್ಟ್ ಮಾಡುವವರೊಬ್ಬರ ಹತ್ತಿರ ಹಳದಿ ಬಣ್ಣದ ಗಾಡಿಯಿತ್ತು. ಕಂಪನಿಯ ಹಿಂದುಗಡೆ ಗೋಡೌನಿನಲ್ಲಿ, ರಟ್ಟಿನ ಪೆಟ್ಟಿಗೆಗಳ ನಡುವೆ, ಮೇಲೆ ಬಿಳಿ ಬಟ್ಟೆ ಹೊದ್ದು ನಿಂತಿತ್ತು. ಓನರು ಹೊದಿಕೆ ಸರಿಸಿದಾಗ ನಾನೂ ತಿಳಿಯದೆ ಒಂದು ಹೆಜ್ಜೆ ಮುಂದಿಟ್ಟೆ. ಎಲ್ಲೂ ಒಂದು ಗೀರಿಲ್ಲ, ಹೊಸ ಮದುಮಗಳ ಹಾಗಿದೆ.

"ನೋಡೀಂಗ ಡಾಕ್ಟರಮ್ಮ," ಅಂದರು ಓನರು, ಕೊಯಮತ್ತೂರು ಕಡೆಯ ತಮಿಳಿನ ಮರ್ಯಾದೆಯ 'ಈಂಗ' ಸೇರಿಸಿ, ಕೆಮ್ಮುತ್ತಾ. "ತಂದಾಗಿನಿಂದ ಇವತ್ತಿನ ತನಕ ಒಂದು ದಿನ, ಒಂದೇ ಒಂದು ದಿನಾನೂ ರಸ್ತೇಲಿ ಕೈ ಕೊಟ್ಟಿಲ್ಲ."

ಅಕ್ಕ ಮೆಚ್ಚಿ ತಲೆಯಾಡಿಸಿದಳು. "ರಸ್ತೆಗೆ ಎಷ್ಟು ಸಲ ಹೋಗಿದೆ?"

ಓನರು ಛಾವಣಿ ನೋಡಿದರು. "ಹೋಗಿಲ್ಲೀಂಗ."

ಆಮೇಲೆ ತಿಳಿಯಿತು, ಆ ಕಾರನ್ನು ಕೊಂಡದ್ದೇ ಫೋಟೋಕ್ಕೆ. ಟೀ ಶರ್ಟ್ ಹಾಕಿಕೊಂಡ ಹುಡುಗ ಹುಡುಗಿಯರು ಅದಕ್ಕೆ ಒರಗಿ ನಿಲ್ಲಬೇಕು, ಫೋಟೋ ತೆಗೆದು ವಿದೇಶದ ಗಿರಾಕಿಗಳಿಗೆ ಕಳಿಸಬೇಕು. ಒರಗಿ ಒರಗಿ ಬಾಗಿಲು ಮಾತ್ರ ಸ್ವಲ್ಪ ನುಣುಪಾಗಿತ್ತು. ಟೈರುಗಳು ನಿಂತಲ್ಲೇ ನಿಂತು ಅಡಿಯಲ್ಲಿ ಚಪ್ಪಟೆಯಾಗಿದ್ದವು. ನಾನು ಬಗ್ಗಿ ರಬ್ಬರ್ ಪೈಪು ಒತ್ತಿ ನೋಡಿದರೆ ಹಪ್ಪಳದ ಹಾಗೆ ಪುಡಿಯಾಯಿತು.

ಇಷ್ಟಾದರೂ ಅಕ್ಕನಿಗೆ ಸ್ಟಾರ್ಟ್ ಮಾಡಿ ನೋಡುವ ಆಸೆ. ಹೊರಗೆ ನಿಂತಿದ್ದ ಲಾರಿಯ ಬ್ಯಾಟರಿಯಿಂದ ವೈರು ಎಳೆದು ಕೊಟ್ಟರು. ಇಂಜಿನ್ ಗೊರಗೊರ ಎಂದಿತು, ನಡುಗಿತು, ಕೊನೆಗೆ ಹತ್ತಿಕೊಂಡಿತು. ಓನರು ಖುಷಿಯಾಗಿ ಎ.ಸಿ. ಗುಂಡಿ ಒತ್ತಿದರು. ಅಷ್ಟೇ, ಗಾಳಿ ಬರುವ ಕಿಂಡಿಗಳಿಂದ ವರ್ಷಗಟ್ಟಲೆ ತುಂಬಿಕೊಂಡಿದ್ದ ಹತ್ತಿಧೂಳು ಬುಸ್ಸೆಂದು ಹೊರಗೆ ಬಂತು. ನಾವು ಮೂವರೂ ಬೆಳ್ಳಗಾದೆವು. ಓನರಿಗೆ ಕೆಮ್ಮು ಒತ್ತರಿಸಿಕೊಂಡು ಬಂತು.

ಅಕ್ಕ ಕಿವಿ ನಿಮಿರಿಸಿದಳು. "ಈ ಕೆಮ್ಮು ಎಷ್ಟು ದಿನದಿಂದ ಇದೆ?"

"ಅದು ಗಾಡಿ ಅಲ್ಲೀಂಗ, ನಾನು ಕೆಮ್ಮಿದ್ದು."

"ನಿಮ್ಮನ್ನೇ ಕೇಳ್ತಿರೋದು. ಅಂಗಿ ಎತ್ತಿ."

ಆ ಹಳದಿ ಕಾರಿನ ಬಾನೆಟ್ ಮೇಲೆ ಓನರನ್ನು ಕೂರಿಸಿ, ಕೈಚೀಲದಲ್ಲಿ ಸದಾ ಇರುವ ಸ್ಟೆತೊಸ್ಕೋಪನ್ನು ಹಿಂದೆ ಮುಂದೆ ಇಟ್ಟು, ಉಸಿರು ಎಳೆಸಿ ಬಿಡಿಸಿ, ಎಕ್ಸ್‌ರೇ ತೆಗೆಸಲು ಚೀಟಿ ಬರೆದುಕೊಟ್ಟು ಬಂದಳು. ವಾಪಸು ಬರುವಾಗ ಕೇಳಿದೆ, "ಏನಕ್ಕಾ, ಏನನ್ಸುತ್ತೆ?"

"ಗಾಡಿ ಆಸೆ ಬಿಟ್ಟುಬಿಡು," ಅಂದಳು. "ಓನರನ್ನ ಉಳಿಸಬಹುದು."

ಡಾಕ್ಟರು ಓಡಿಸಿದ್ದು

ಹಳೇ ಕಾರಿನ ಬ್ರೋಕರುಗಳ ಬಾಯಲ್ಲಿ ಒಂದು ಮಾತು ಸದಾ ಇರುತ್ತದೆ, "ಡಾಕ್ಟರು ಓಡಿಸಿದ ಗಾಡಿ" ಅಂತ. ಡಾಕ್ಟರುಗಳು ಮೆತ್ತಗೆ ಓಡಿಸುತ್ತಾರೆ, ಮನೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮನೆ, ಅಷ್ಟೇ ಅವರ ಓಡಾಟ ಎಂದು ಜನ ನಂಬಿದ್ದಾರೆ. ನಾನು ಅಕ್ಕನ ತಮ್ಮ, ನಾನು ನಂಬುವುದಿಲ್ಲ. ಅಕ್ಕನ ಕೈಯಲ್ಲಿ ಕ್ಲಚ್ ಪ್ಲೇಟುಗಳು ಅಲ್ಪಾಯುಷಿಗಳು.

ಕೊಯಮತ್ತೂರಿನ ಆ ಬ್ರೋಕರು ಬೆಳ್ಳಿ ಬಣ್ಣದ ಗಾಡಿಯೊಂದನ್ನು ತೋರಿಸಿದ. ಅಕ್ಕ ಸೀರೆ ಉಟ್ಟು, ಕೈಚೀಲ ಹಿಡಿದು, ಯಾರದೋ ಅತ್ತೆಯ ಹಾಗೆ ನಿಂತಿದ್ದಳು. ಅವನು ನನ್ನ ಜೊತೆಯಲ್ಲೇ ಮಾತಾಡುತ್ತಿದ್ದ.

"ಸಾರ್, ಒಂದೇ ಕೈ ಗಾಡಿ. ಲೇಡಿ ಡಾಕ್ಟರು ಓಡಿಸಿದ್ದು."

"ಯಾವ ಡಾಕ್ಟರು?" ಅಂದಳು ಅಕ್ಕ. ಅವಳಿಗೆ ಊರಿನ ಮುಕ್ಕಾಲು ಪಾಲು ಡಾಕ್ಟರುಗಳು ಗೊತ್ತು.

ಬ್ರೋಕರು ಮೊದಲ ಸಲ ಅಕ್ಕನ ಕಡೆ ತಿರುಗಿದ. ಆಮೇಲೆ, ಯಾವ ಊರಿನ ಹೆಸರು ಹೇಳಿದರೆ ಇವರು ವಿಚಾರಿಸಲು ಹೋಗುವುದಿಲ್ಲ ಎಂದು ಲೆಕ್ಕ ಹಾಕಿದವನ ಹಾಗೆ ಹೇಳಿದ: "ತಿರುಪ್ಪೂರಿನೋರು ಮೇಡಂ. ಎದೆ ಡಾಕ್ಟರಮ್ಮ. ಬಹಳ ಫೇಮಸ್ಸು. ಈಗ ರಿಟೈರ್ ಆಗಿದ್ದಾರೆ, ಅದಕ್ಕೇ ಕೊಡ್ತಿದ್ದಾರೆ."

ತಿರುಪ್ಪೂರಿನಲ್ಲಿ ಎದೆ ನೋಡುವ, ಹೋದ ವರ್ಷವಷ್ಟೇ ನಿವೃತ್ತಳಾದ ಡಾಕ್ಟರಮ್ಮ ನನಗೆ ಗೊತ್ತಿದ್ದ ಹಾಗೆ ಒಬ್ಬಳೇ. ಅವಳು ಆಗ ಡಿಕ್ಕಿ ತೆಗೆದು ಸ್ಟೆಪ್ನಿ ನೋಡುತ್ತಿದ್ದಳು. ನಾನು ನಗು ಬಾರದಿರಲೆಂದು ಕೆನ್ನೆ ಒಳಗಿನಿಂದ ಕಚ್ಚಿಕೊಂಡೆ.

"ನಿಮಗೆ ಆ ಡಾಕ್ಟರಮ್ಮ ಗೊತ್ತಾ?" ಅಂದಳು ಅಕ್ಕ, ಬಹಳ ಆಸಕ್ತಿಯಿಂದ.

"ಗೊತ್ತಾ ಅಂತ ಕೇಳ್ತೀರಲ್ಲ! ನಮ್ಮ ಮನೆಗೆಲ್ಲ ಅವರೇ ವೈದ್ಯರು. ನಮ್ಮ ಅತ್ತೇನ ಅವರೇ ಬದುಕಿಸಿದ್ದು."

"ಹೇಗಿದ್ದಾರೆ ನೋಡೋಕೆ?"

"ಒಳ್ಳೇ ಎತ್ತರ ಮೇಡಂ. ಕೆಂಪಗೆ, ಲಕ್ಷಣವಾಗಿದ್ದಾರೆ."

ಅಕ್ಕ ಕುಳ್ಳಿ. ಅವಳ ಮುಖ ಸ್ವಲ್ಪ ಅರಳಿತು.

"ಗಾಡಿ ಹೇಗೆ ಓಡಿಸ್ತಾರೆ?"

"ಹೂವಿನ ಮೇಲೆ ಹೋದಂಗೆ. ಕ್ಲಚ್ ಮೇಲೆ ಕಾಲೇ ಇಡಲ್ಲ."

ಇದನ್ನು ಕೇಳಿ ನನಗೆ ತಡೆಯಲಾಗಲಿಲ್ಲ, ಗೋಡೆ ಕಡೆ ತಿರುಗಿ ನಿಂತೆ. ಅಕ್ಕ ಕೈಚೀಲ ತೆರೆದು, ತನ್ನ ಹಳೇ ವಿಸಿಟಿಂಗ್ ಕಾರ್ಡ್ ತೆಗೆದು ಅವನ ಕೈಗಿಟ್ಟಳು. ಅವನು ಓದಿದ. ಅಕ್ಕನನ್ನು ನೋಡಿದ. ಮತ್ತೆ ಓದಿದ. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕುಸಿಯುತ್ತಿದ್ದರು. ಅವನು ಎರಡೂ ಕೈ ಜೋಡಿಸಿ ಹೇಳಿದ:

"ಹಂಗಾದ್ರೆ ಇನ್ನೂ ಒಳ್ಳೇದಾಯ್ತು ಮೇಡಂ. ನಿಮ್ಮ ಗಾಡಿ ನಿಮ್ಮ ಮನೆಗೇ ವಾಪಸ್ ಬಂದಂಗಾಯ್ತು."

ಆಸ್ತಿ ಜಗಳ

ಮೂರನೆಯದು ಕಪ್ಪು ಬಣ್ಣದ್ದು. ಯಂತ್ರದಲ್ಲಿ ದೋಷವಿಲ್ಲ, ಕಾಗದಪತ್ರ ಸರಿಯಾಗಿವೆ, ಓನರೂ ಸಜ್ಜನ. ಗಾಡಿ ಮಾತ್ರ ನೆಲಕ್ಕೆ ಅಂಟಿಕೊಂಡ ಹಾಗಿತ್ತು. "ಒಬ್ಬರೇ ಇದ್ರೆ ಎಲ್ಲೂ ತಾಗಲ್ಲ. ಇಬ್ಬರು ಕೂತ್ರೆ ಸ್ಪೀಡ್ ಬ್ರೇಕರಿಗೆ ಸ್ವಲ್ಪ ತಾಗುತ್ತೆ," ಅಂತ ಅವರೇ ಪ್ರಾಮಾಣಿಕವಾಗಿ ಹೇಳಿ ಕೀ ಕೊಟ್ಟರು.

ನಮ್ಮ ಬಡಾವಣೆಯಲ್ಲಿ ಸ್ಪೀಡ್ ಬ್ರೇಕರುಗಳಿಗೆ ಬರವಿಲ್ಲ. ಸ್ವಲ್ಪ ಪ್ರಭಾವ ಇರುವ ಪ್ರತಿಯೊಬ್ಬರೂ ತಮ್ಮ ಮನೆ ಮುಂದೆ ಒಂದು ಹಾಕಿಸಿಕೊಂಡಿದ್ದಾರೆ. ಮೊದಲನೆಯದಕ್ಕೇ ಅಡಿಯಲ್ಲಿ ಕರ್ರ್ ಎಂದು ಶಬ್ದವಾಯಿತು. ಅಕ್ಕನಿಗೆ ಅವಳ ಪಕ್ಕೆಲುಬೇ ಉಜ್ಜಿದಷ್ಟು ನೋವಾಯಿತು.

"ನೀನು ಇಳಿ," ಅಂದಳು.

ಇಳಿದೆ. ಎರಡನೆಯ ಉಬ್ಬು ಬಂದಾಗ ಗಾಡಿ ನನ್ನ ಭಾರವಿಲ್ಲದೆ ಸಲೀಸಾಗಿ ದಾಟಿತು. ಹತ್ತಿದೆ. ಮುಂದಿನ ಮನೆಯವರೂ ಪ್ರಭಾವಶಾಲಿಗಳೇ. ಮತ್ತೆ ಇಳಿದೆ. ಹೀಗೆ ನಾನು ಇಳಿಯುವುದು, ಬಾಗಿಲು ಹಾಕುವುದು, ಮುಂದೆ ನಡೆಯುವುದು. ಅಕ್ಕ ನನ್ನ ಪಕ್ಕದಲ್ಲೇ ಮೆಲ್ಲಗೆ ಗಾಡಿ ತರುತ್ತಾ, ಕಿಟಕಿಯಿಂದ ತಲೆ ಹೊರಗೆ ಹಾಕಿ, "ಹತ್ತೋ, ಹತ್ತು ಬೇಗ" ಅನ್ನುವುದು. ನಾನು ಹತ್ತುವುದು. ಸ್ವಲ್ಪ ದೂರ ಹೋಗಿ ಮತ್ತೆ ಇಳಿಯುವುದು.

ಬಸ್ ಸ್ಟಾಪಿನಲ್ಲಿ ಒಬ್ಬ ಹಿರಿಯರು ಇದನ್ನೆಲ್ಲ ನೋಡುತ್ತಿದ್ದರು. ವಿಭೂತಿ, ಬಿಳಿ ಪಂಚೆ, ಊರಿನ ನಾಲ್ಕು ವ್ಯಾಜ್ಯ ತೀರಿಸಿದ ಕಳೆ. ನಾನು ಮತ್ತೊಮ್ಮೆ ಇಳಿದು ಬಾಗಿಲು ಹಾಕಿದಾಗ ಅವರಿಗೆ ತಡೆಯಲಾಗಲಿಲ್ಲ. ಬಂದು ನನ್ನ ಹೆಗಲ ಮೇಲೆ ಕೈ ಹಾಕಿದರು.

"ತಂಬಿ, ಬೀದೀಲಿ ಬೇಡಪ್ಪಾ. ಗಂಡ ಹೆಂಡತಿ ಅಂದ ಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ. ಆಯಮ್ಮ ಪಾಪ ಅಷ್ಟು ಕರೀತಿದೆ, ಹತ್ತಿಕೋ."

"ಅಯ್ಯೋ, ಹೆಂಡತಿ ಅಲ್ಲೀಂಗ. ನನ್ನ ಅಕ್ಕ," ಅಂದೆ.

ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಆ ದುಬಾರಿ ಕಪ್ಪು ಕಾರನ್ನು ಒಮ್ಮೆ ನೋಡಿದರು, ಬೆವರು ಒರೆಸಿಕೊಂಡು ನಡೆಯುತ್ತಿದ್ದ ನನ್ನನ್ನೊಮ್ಮೆ ನೋಡಿದರು. ಎಲ್ಲ ಅರ್ಥವಾದ ಕಳೆ ಅವರ ಮುಖಕ್ಕೆ ಬಂತು.

"ಓಹೋ, ಆಸ್ತಿ ವಿಷಯವಾ? ಹಂಗಾದ್ರೆ ಹತ್ತಬೇಡ."

ಎಡಗಣ್ಣಿನ ಗುಟ್ಟು

ಕಡೆಗೆ ಅಕ್ಕನ ಮನಸ್ಸು ಹಿಡಿದ ಗಾಡಿ ಸಿಕ್ಕಿದ್ದು ಸಿರುಮುಗೈಯಲ್ಲಿ. ರೇಷ್ಮೆ ಸೀರೆ ವ್ಯಾಪಾರಿಯೊಬ್ಬರು, ವಯಸ್ಸಾದವರು, ಯಾವ ಕಾಲದಲ್ಲೋ ಆಸೆಪಟ್ಟು ಕೊಂಡಿದ್ದ ಜಪಾನಿನ ಕಾರು. ಕೆಂಪು, ಎರಡೇ ಸೀಟು, ಮಡಿಚುವ ಛಾವಣಿ. ಹೆಡ್‌ಲೈಟುಗಳು ಬಾನೆಟ್ಟಿನೊಳಗೆ ಮುಚ್ಚಿಕೊಂಡಿದ್ದು, ಸ್ವಿಚ್ ಒತ್ತಿದರೆ ಕಣ್ಣು ಬಿಟ್ಟ ಹಾಗೆ ಮೇಲೆ ಬರುವ ಬಗೆಯವು. ಭವಾನಿ ನದಿಯ ಕಡೆಯಿಂದ ಗಾಳಿ ಬೀಸುತ್ತಿತ್ತು, ಒಳಗೆಲ್ಲೋ ಮಗ್ಗದ ಸದ್ದು. ಅಕ್ಕ ಆ ಕಾರಿನ ಸುತ್ತ ಒಂದು ಸುತ್ತು ಬಂದು, ಕೆಂಪು ಬಾಗಿಲನ್ನು ಅಂಗೈಯಿಂದ ಸವರಿದಳು.

ಮಾತೆಲ್ಲ ತಮಿಳಿನಲ್ಲೇ ನಡೆಯಿತು. ಓನರು ಒಳಗೆ ಕೂತು ಇಂಜಿನ್ ಸ್ಟಾರ್ಟ್ ಮಾಡಿದರು. ಅಕ್ಕ ಬಾನೆಟ್ ಎತ್ತಿ, ಸ್ಟೆತೊಸ್ಕೋಪ್ ಕಿವಿಗೆ ಹಾಕಿಕೊಂಡು, ಇಂಜಿನ್ನಿನ ಅಲ್ಲಲ್ಲಿ ಇಟ್ಟು ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ನಮ್ಮ ಮನೆ ಕನ್ನಡದಲ್ಲಿ ಹೇಳಿದಳು:

"ಉಸಿರು ಬಹಳ ಚೆನ್ನಾಗಿದೆ ಕಣೋ. ನೀನು ಮಾತ್ರ ಹಲ್ಲು ಬಿಡಬೇಡ. ಬೇಡದವನ ಥರ ನಿಂತ್ಕೋ."

ನಾನು ತಕ್ಷಣ ಮುಖ ಹುಳ್ಳಗೆ ಮಾಡಿಕೊಂಡು ಒಂದು ಟೈರಿಗೆ ಒದ್ದೆ. ಕೊಯಮತ್ತೂರು ಕಡೆ ಕನ್ನಡದ ಮನೆಗಳಿಗೆ ಇದೊಂದು ಅನುಕೂಲ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಹೆಣ್ಣು ನೋಡಲು ಹೋದ ಮನೆಯಲ್ಲಿ, ಎದುರಿಗೇ ನಿಂತು ಗುಟ್ಟು ಮಾತಾಡಬಹುದು.

ಇಂಜಿನ್ ಆಫ್ ಆಯಿತು. ಅಷ್ಟು ಹೊತ್ತಿಗೆ ನಮ್ಮ ಬೆನ್ನ ಹಿಂದೆ ಓನರ ಹೆಂಡತಿ ಕಾಫಿ ಹಿಡಿದು ನಿಂತಿದ್ದರು. ಓನರು ಕಾರಿನಿಂದ ಇಳಿದು, ನಮಗೆ ನಗುಮುಖ ತೋರಿಸಿ, ಹೆಂಡತಿಯ ಕಡೆ ತಿರುಗಿ ಮೆಲ್ಲಗೆ ಹೇಳಿದರು. ಅಪ್ಪಟ ಕನ್ನಡದಲ್ಲಿ!

"ಆ ಎಡಗಣ್ಣಿನ ಇಷಯ ಎತ್ತಬ್ಯಾಡ. ಅವ್ರಾಗೇ ಕೇಳಿದ್ರೆ ನೋಡ್ಕಳಾಣ."

ನಾನೂ ಅಕ್ಕನೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಆಕೆ ಗಂಡನಿಗೆ ಸುಮ್ಮನಿರಿ ಎಂದು ಕಣ್ಣು ಮಿಟುಕಿಸಿದರು. ಅವರಿಗೆ ತಿಳಿಯಲಿಲ್ಲ. ಆಕೆ ಇನ್ನೊಮ್ಮೆ ಜೋರಾಗಿ ಮಿಟುಕಿಸಿದರು.

"ಯಾಕೆ ಕಣ್ಣು ಹೊಡೀತೀ?" ಅಂದರು ಓನರು. "ಎಡಗಣ್ಣು ಅಂದದ್ದು ಗಾಡೀದು, ನಿಂದಲ್ಲ."

ಆಕೆ ಕಾಫಿ ತಟ್ಟೆ ಬಾನೆಟ್ ಮೇಲಿಟ್ಟರು. "ಇವ್ರಿಗೂ ಕನ್ನಡ ಬರ್ತೈತೆ ಅಂತ ಹೇಳಾಕೆ ಕಣ್ಣು ಹೊಡದ್ರೆ! ಆವಾಗ್ಲೇ ಡಾಕ್ಟರಮ್ಮ ತಮ್ಮಂಗೆ 'ಹಲ್ಲು ಬಿಡಬೇಡ' ಅಂದ್ರು, ಕೇಳುಸ್ಕಂಡೆ."

ಆಮೇಲೆ ಯಾರಿಗೂ ನಗು ತಡೆಯಲಾಗಲಿಲ್ಲ. ಹುಳ್ಳಗೆ ಮಾಡಿಕೊಂಡಿದ್ದ ನನ್ನ ಮುಖಕ್ಕೂ ಬಿಡುಗಡೆ ಸಿಕ್ಕಿತು. ಓನರು ತಾವೇ ಸ್ವಿಚ್ ಒತ್ತಿ ತೋರಿಸಿದರು. ಎರಡು ಹೆಡ್‌ಲೈಟೂ ಮೇಲೆ ಬಂದವು. ಬಲಗಡೆಯದು ಗಂಭೀರವಾಗಿ ನಿಂತಿತು. ಎಡಗಡೆಯದು ಸ್ವಲ್ಪ ಹೊತ್ತಿಗೆ ತಾನಾಗಿ ಕೆಳಗೆ ಹೋಗಿ ಮತ್ತೆ ಮೇಲೆ ಬಂತು. ಅದರ ಮೋಟರು ಹಳತಾಗಿದೆ, ಜಪಾನಿನಿಂದ ತರಿಸಬೇಕು, ಬರುವುದು ತಡವಾಗುತ್ತದೆ. ಅದೊಂದೇ ದೋಷ.

ನಾನು ಬಿಡಲಿಲ್ಲ. ಮರುದಿನ ನನಗೆ ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಕರೆತಂದು, ಅಡಿ ತುಕ್ಕು ಹಿಡಿದಿದೆಯಾ, ಗೇರು ಸಡಿಲವಾ, ಎಣ್ಣೆ ಸೋರುತ್ತದಾ ಎಲ್ಲ ನೋಡಿಸಿದೆ. ಮಧ್ಯಾಹ್ನದವರೆಗೆ ಕಾರಿನ ಕೆಳಗೆ ಮಲಗಿದ್ದವರು ಎದ್ದು ಬಂದು ಹೇಳಿದರು: "ಇಂಜಿನ್ ಕೈ ಬಿಡಲ್ಲ. ವೈರಿಂಗ್ ಮಾತ್ರ ಅದರ ಮನಸ್ಸು ಬಂದಂಗೆ."

"ಕಣ್ಣು ಬಡ್ಕೊಳ್ಳೋದು ಸಾಯೋ ಕಾಯಿಲೆ ಅಲ್ಲ," ಅಂದಳು ಅಕ್ಕ. ಅಲ್ಲಿಗೆ ತೀರ್ಮಾನವಾಯಿತು.

ಕೀ ಕೊಡುವಾಗ ಓನರು ಅಕ್ಕನ ಕೈ ಹಿಡಿದುಕೊಂಡು, ನಿಜವಾದ ಬೇಸರದಿಂದ ಹೇಳಿದರು: "ಈ ಭಾಷೇಲಿ ಗುಟ್ಟು ಮಾತಾಡ್ಕಂಡು ಜೀವಮಾನವೆಲ್ಲ ಸೀರೆ ಮಾರಿವ್ನಿ, ಒಂದು ಸಲಾನೂ ಕೈ ಕೊಟ್ಟಿರಲಿಲ್ಲ. ಗಾಡೀನ ನಂಬ್ಕಂಡು ತಗಂಡೋಗಿ ತಾಯಿ. ಭಾಷೇನ ಮಾತ್ರ ನಂಬಬ್ಯಾಡಿ."

ಸಿಗ್ನಲ್ಲಿನಲ್ಲಿ

ಜಪಾನಿನಿಂದ ಮೋಟರು ಬರುವ ತನಕ ಅಕ್ಕ ಹಗಲಲ್ಲೇ ಓಡಿಸುತ್ತಿದ್ದಳು. ಒಂದು ಸಂಜೆ ಮಾತ್ರ ಮೋಡ ಕವಿದು ಕತ್ತಲಾಗಿ, ಲೈಟು ಹಾಕಲೇಬೇಕಾಯಿತು. ಪಕ್ಕದಲ್ಲಿ ಭಾವ; ಅವರೇ ಆಮೇಲೆ ನನಗೆ ಹೇಳಿದ್ದು. ಸಿಗ್ನಲ್ ಕೆಂಪಾಗಿತ್ತು, ಸಾಲಿನಲ್ಲಿ ಮೊದಲು ಇವರದೇ ಗಾಡಿ. ಎದುರಿಗೆ ಟ್ರಾಫಿಕ್ ಪೊಲೀಸಿನವರು. ದಪ್ಪ ಮೀಸೆ, ಬಿಗಿದ ಮುಖ.

ಗಾಡಿ ಅವರಿಗೆ ಕಣ್ಣು ಹೊಡೆಯಿತು.

ಅವರು ಹಿಂದೆ ತಿರುಗಿ ನೋಡಿದರು, ಬೇರೆ ಯಾರಿಗಾದರೂ ಇರಬಹುದೆಂದು. ಯಾರೂ ಇರಲಿಲ್ಲ. ಗಾಡಿ ಮತ್ತೆ ಕಣ್ಣು ಹೊಡೆಯಿತು. ಸುತ್ತಲಿದ್ದ ಟೂ ವೀಲರಿನವರು ನಗಲು ಶುರು ಮಾಡಿದರು. ಪೊಲೀಸಿನವರು ಮೀಸೆ ತೀಡಿಕೊಂಡು ಬಂದು ಕಿಟಕಿಗೆ ಬಗ್ಗಿದರು. ಒಳಗೆ ಯಾರೋ ಪಡ್ಡೆ ಹುಡುಗರು ಇರುತ್ತಾರೆ ಅಂದುಕೊಂಡಿದ್ದರೇನೋ. ನೋಡಿದರೆ ರೇಷ್ಮೆ ಸೀರೆಯ ನರೆತಲೆಯ ಹೆಂಗಸು, ಪಕ್ಕದಲ್ಲಿ ಮಡಿಲಲ್ಲಿ ಹೂಕೋಸು ಇಟ್ಟುಕೊಂಡ ನಿವೃತ್ತ ಪ್ರೊಫೆಸರು.

"ಏನಮ್ಮಾ ಇದು?"

"ಅದಕ್ಕೆ ಕಾಯಿಲೆ ಸಾರ್. ಔಷಧಿ ಹಡಗಲ್ಲಿ ಬರ್ತಾ ಇದೆ," ಅಂದಳು ಅಕ್ಕ.

ಅವರು ಮುಂದೆ ಹೋಗಿ ಆ ಹೆಡ್‌ಲೈಟಿನ ಮೇಲೆ ಅಂಗೈ ಇಟ್ಟು ಅಮುಕಿ ಹಿಡಿದರು. ಅದು ಸುಮ್ಮನಾಯಿತು. ಕೈ ತೆಗೆದರು. ಅದು ಅವರ ಮುಖದ ಹತ್ತಿರದಿಂದಲೇ, ಬಹಳ ಸಲಿಗೆಯಿಂದ, ಇನ್ನೊಮ್ಮೆ ಕಣ್ಣು ಹೊಡೆಯಿತು. ಅಷ್ಟರಲ್ಲಿ ಹಸಿರಾಯಿತು, ಹಿಂದಿನವರು ಹಾರ್ನ್ ಹಾಕಿದರು. ಪೊಲೀಸಿನವರು ಏನು ಕೇಸು ಹಾಕುವುದೆಂದು ತಿಳಿಯದೆ ದಾರಿ ಬಿಟ್ಟರು. ಕೂಗಿ ಒಂದೇ ಮಾತು ಹೇಳಿದರು:

"ನೇರ ಹೋಗಬೇಡೀಮ್ಮಾ, ಎಡಕ್ಕೆ ತಿರುಗಿಸಿ! ಮುಂದೆ ಲೇಡೀಸ್ ಕಾಲೇಜ್ ಬಿಡೋ ಹೊತ್ತು!"

ನಿಂತಿದೆ

ಮೋಟರು ಬಂತು, ಕಣ್ಣು ವಾಸಿಯಾಯಿತು. ವಾಲ್ಪಾರೈ ಪ್ರಯಾಣ ನಿಶ್ಚಯವಾಯಿತು.

ಹೊರಡುವ ಹಿಂದಿನ ದಿನ ಮನೆಯಲ್ಲಿ ಎಲ್ಲರಿಗೂ ಅಳುಕು. ಹೇರ್‌ಪಿನ್ ತಿರುವುಗಳ ಘಾಟಿ, ಮಧ್ಯೆ ನಿಂತುಬಿಟ್ಟರೆ ಹಿಂದೆ ಬಸ್ಸು, ಮುಂದೆ ಆನೆ. ಭಾವ ಮಾತ್ರ ಒಂದು ದಿಂಬು, ಒಂದು ಪುಸ್ತಕ ತೆಗೆದಿಟ್ಟುಕೊಂಡರು. ಅಕ್ಕ ಎಲ್ಲರಿಗೂ ಧೈರ್ಯ ಹೇಳಿದಳು. ಆದರೆ ಬೆಳಿಗ್ಗೆ ಗಾಡಿ ತೆಗೆಯುವಾಗ ಅವಳು ಕರವಸ್ತ್ರವನ್ನು ಮೂರು ಸಲ ಮಡಿಚಿ ಬಿಚ್ಚಿದ್ದನ್ನು ನೋಡಿದೆ. ಅದು ಗಾಡಿಯ ಬಗ್ಗೆ ಭಯವೋ, ಇಷ್ಟು ವರ್ಷ ಕಾದದ್ದು ಕೊನೆಗೂ ಕೈಗೆ ಬಂತೆಂಬ ಗಾಬರಿಯೋ, ನಾನು ಕೇಳಲಿಲ್ಲ.

ನನಗೂ ಅವತ್ತು ವಾಲ್ಪಾರೈಗೆ ಹೋಗುವ ನೆಪ ಸಿಕ್ಕಿತ್ತು. ಎಸ್ಟೇಟಿನ ಜೀಪೊಂದು ಟೀ ಗಿಡಗಳ ಮಧ್ಯೆ ಇಳಿದಿತ್ತು, ಅದನ್ನು ನೋಡಿ ವರದಿ ಬರೆಯಬೇಕು. ಜೀಪನ್ನು ಎತ್ತಿ ತರಲು ರಿಕವರಿ ವ್ಯಾನೂ ಬರುತ್ತಿತ್ತು. ಒಳ್ಳೆಯದೇ ಆಯಿತು, ಅಕ್ಕನ ಗಾಡಿ ಕೆಟ್ಟರೆ ಅದನ್ನೇ ಎತ್ತಬಹುದು ಅಂದುಕೊಂಡು ವ್ಯಾನಿನವನಿಗೆ ಮೊದಲೇ ಹೇಳಿಟ್ಟೆ: "ಮುಂದೆ ಒಂದು ಕೆಂಪು ಗಾಡಿ ಹೋಗ್ತಿರುತ್ತೆ. ಕಣ್ಣಿಟ್ಟಿರು."

ಮೊದಲು ಅಕ್ಕನ ಗಾಡಿ, ಹಿಂದೆ ನನ್ನ ಕಾರು, ಅದರ ಹಿಂದೆ ವ್ಯಾನು. ನನ್ನದು ಮನೆಮಂದಿಯೆಲ್ಲ ಕೂರುವ, ಊರಲ್ಲಿ ಎಲ್ಲರೂ ಕೊಳ್ಳುವ, ಕೆಡುವುದೆಂದರೇನೆಂದು ತಿಳಿಯದ ಮರ್ಯಾದಸ್ಥ ಕಾರು. ಘಾಟಿ ಶುರುವಾದ ಮೇಲೆ ಅಕ್ಕ ಛಾವಣಿ ಮಡಿಚಿದಳು, ತಲೆಗೆ ಕರವಸ್ತ್ರ ಕಟ್ಟಿದಳು. ಎರಡು ತಿರುವು ಕಾಣಿಸಿದಳು, ಮೂರನೆಯದರಲ್ಲಿ ಮಾಯ. ಮೇಲಿನ ರಸ್ತೆಯಿಂದ ಇಂಜಿನ್ನಿನ ಸದ್ದು ಮಾತ್ರ, ಖುಷಿಯಾಗಿ ಹಾಡಿಕೊಂಡು ಹೋದ ಹಾಗೆ, ಕೇಳುತ್ತಿತ್ತು.

ಅರ್ಧ ಘಾಟಿ ಹತ್ತಿರಬಹುದು. ನನ್ನ ಮರ್ಯಾದಸ್ಥ ಕಾರಿನ ಬಾನೆಟ್ಟಿನಿಂದ ಹಬೆ ಬಂತು. ಆಮೇಲೆ ಹೊಗೆ. ಆಮೇಲೆ ಅದು ತಿರುವಿನ ಮಧ್ಯದಲ್ಲೇ ನಿಂತಿತು. ಕೋತಿಗಳು ತಡೆಗೋಡೆಯ ಮೇಲೆ ಸಾಲಾಗಿ ಕೂತು ನೋಡಿದವು. ವ್ಯಾನಿನವನು ಇಳಿದು ಬಂದು, ತಲೆ ಕೆರೆದುಕೊಂಡು ಕೇಳಿದ: "ಸಾರ್, ನೀವು ಹೇಳಿದ್ದು ಕೆಂಪು ಗಾಡಿ ಅಲ್ವಾ?"

ನಾನು ಕೀ ಅವನ ಕೈಗಿಟ್ಟೆ. ಅವನು ನನ್ನ ಕಾರನ್ನು ಎತ್ತಿ ವ್ಯಾನಿನ ಮೇಲೆ ಕಟ್ಟಿದ. ನಾನು ಅವನ ಪಕ್ಕ ಕೂತೆ. ಆಗ ಫೋನು ಬಂತು. ಅಕ್ಕ. 'ಅಂತೂ ಇವಳದ್ದೂ ಕೆಟ್ಟಿತು' ಅಂತ ಒಂದು ಸಮಾಧಾನವೂ ಆಗಲಿಲ್ಲವೆಂದರೆ ಸುಳ್ಳಾಗುತ್ತದೆ. ಬೆಟ್ಟದಲ್ಲಿ ಸಿಗ್ನಲ್ ಇಲ್ಲದೆ ಮಾತು ತುಂಡುತುಂಡಾಗಿ ಕೇಳಿತು.

"ಹಲೋ… ಟೀ ಅಂಗಡಿ ಮುಂದೆ… ನಿಂತಿದೆ ಕಣೋ… ಎಷ್ಟು ಮಾಡಿದ್ರೂ ಆಗ್ತಿಲ್ಲ… ಎಳೆಯೋಕೆ ಯಾರಾದ್ರೂ…"

ಕಟ್ಟಾಯಿತು.

"ಬೇಗ ಹೋಗಪ್ಪಾ!" ಅಂದೆ. ಅವನು ಸಿಕ್ಕಿದ ಕಡೆಯಲ್ಲೆಲ್ಲ ಹಾರ್ನ್ ಹೊಡೆಯುತ್ತಾ ಓಡಿಸಿದ.

ವಾಲ್ಪಾರೈ ಪೇಟೆಯ ಟೀ ಅಂಗಡಿಯೊಂದರ ಮುಂದೆ ಜನ ಗುಂಪುಗಟ್ಟಿದ್ದರು. ಎಸ್ಟೇಟಿನ ಹೆಂಗಸರು, ಬಸ್ಸಿನವರು, ಎಲ್ಲರೂ. ಜನರನ್ನು ತಳ್ಳಿಕೊಂಡು ಹೋಗಿ ನೋಡಿದರೆ ಕೆಂಪು ಕಾರು ಥಳಥಳ ಹೊಳೆಯುತ್ತಾ ನಿಂತಿದೆ. ಒಳಗೆ ಅಕ್ಕ, ಭಾವ, ಇಬ್ಬರೂ ನೆಲದ ಮಟ್ಟದಲ್ಲಿ ಕಾಲು ಚಾಚಿ ಕೂತಿದ್ದಾರೆ. ಅಂಗಡಿಯವನು ಬಗ್ಗಿ ಅವರ ಕೈಗೆ ಟೀ ಕೊಡುತ್ತಿದ್ದಾನೆ.

"ಏನಾಯ್ತಕ್ಕಾ ಗಾಡಿಗೆ?"

"ಗಾಡಿಗೇನು? ಕೆಳಗಿನಿಂದ ಮೇಲಿನ ತನಕ ಒಂದು ಸಲಾನೂ ಕೆಮ್ಮಲಿಲ್ಲ!" ಅಕ್ಕನ ಮುಖ ಗಾಳಿಗೆ ಕೆಂಪಾಗಿ, ಕೂದಲು ಕೆದರಿ, ಕಣ್ಣಲ್ಲಿ ನೀರು ತುಂಬಿ, ನಾನು ಚಿಕ್ಕಂದಿನಿಂದ ಕಾಣದಷ್ಟು ಖುಷಿಯಾಗಿತ್ತು.

"ಮತ್ತೆ ನಿಂತಿದೆ ಅಂದೆ?"

"ಹೌದು ಕಣೋ, ಗಾಡಿ ನಿಂತಿದೆ. ನಮಗೇ ನಿಲ್ಲೋಕಾಗ್ತಿಲ್ಲ! ಇಷ್ಟು ಹೊತ್ತು ಹಿಂಗೆ ಕೂತು ಮಂಡಿ ಎರಡೂ ಹಿಡ್ಕೊಂಡುಬಿಟ್ಟಿವೆ. ಈ ಅಂಗಡಿಯೋರು ಕೈ ಹಿಡಿದು ಎಳೆದ್ರು. ನಾನು ಬರಲಿಲ್ಲ, ಚಪ್ಪಲಿ ಬಂತು. ಎಳೆಯೋಕೆ ಇನ್ನೂ ಯಾರಾದ್ರೂ ಬೇಕು ಅಂತ ಹೇಳೋಷ್ಟರಲ್ಲಿ ಫೋನ್ ಕಟ್ಟಾಯ್ತು."

ಅಷ್ಟರಲ್ಲಿ ವ್ಯಾನಿನವನು ಕಬ್ಬಿಣದ ಕೊಕ್ಕೆ, ದಪ್ಪ ಹಗ್ಗ ಹಿಡಿದು ಓಡಿ ಬಂದ. ಕಾರಿನ ಸುತ್ತ ಒಂದು ಸುತ್ತು ಹಾಕಿದ. ಕೆಟ್ಟದ್ದೇನೂ ಕಾಣಲಿಲ್ಲ. ವ್ಯಾನಿನ ಮೇಲೆ ಕಟ್ಟಿದ್ದ ನನ್ನ ಕಾರನ್ನು ನೋಡಿದ, ಒಳಗೆ ಕೂತಿದ್ದ ಇಬ್ಬರನ್ನು ನೋಡಿದ. ಬಹಳ ಗೌರವದಿಂದ ಕೇಳಿದ:

"ಸಾರ್, ಕೊಕ್ಕೆ ಮೊದಲು ಯಾರಿಗೆ ಹಾಕಲಿ? ಅಮ್ಮಂಗಾ, ಅಯ್ಯಂಗಾ?"

ಭಾವ ಒಳಗಿನಿಂದ ಗ್ಲಾಸು ಎತ್ತಿ ತೋರಿಸಿದರು.

"ಅವಳನ್ನೇ ಎಳೆಯಪ್ಪಾ. ನನ್ನ ಟೀ ಇನ್ನೂ ಅರ್ಧ ಇದೆ."